ಹೆಸರಿಲ್ಲದ ತಂಪು

ಹುಣಸಗುಂಡದ ಜನ ಒಂದು ಕಾಲಕ್ಕೆ ಕರವನ್ನು ತಂಪಿನಲ್ಲಿ ಕಟ್ಟುತ್ತಿದ್ದರು. ಗೊಣಗಿಕೊಂಡೇ ಕಟ್ಟುತ್ತಿದ್ದರು, ಆದರೂ ಕಟ್ಟುತ್ತಿದ್ದರು. ಆಮೇಲೆ ನನ್ನ ಅಪ್ಪ ಸೂಗಪ್ಪ ಮಾಸ್ತರರು ಒಂದು ಭಾಷಣ ಮಾಡಿ ಆ ಕರವನ್ನು ತೆಗೆಸಿ ಹಾಕಿದರು. ಭಾಷಣ ಬಹಳ ಚೆನ್ನಾಗಿತ್ತು. ಅದೇ ನಮಗೆ ಮುಳುವಾಯಿತು.

ತಂಪನ್ನು ಕರವಾಗಿ ಕಟ್ಟುವುದು ಹೇಗೆ ಎಂದು ಹೊರಗಿನವರು ಕೇಳುತ್ತಾರೆ. ಅದರಲ್ಲಿ ಮಾಯ ಮಂತ್ರ ಏನಿಲ್ಲ. ನಮ್ಮೂರ ಸುತ್ತ ನೆಲಕ್ಕೆ ಹಾಸುವ ಪರಶಿ ಕಲ್ಲಿನ ಹಳೆಯ ಗಣಿಗಳಿವೆ. ಹಿಂದಿನವರು ಕಲ್ಲು ತೆಗೆದು ಬಿಟ್ಟುಹೋದ ಆಳದ ಗುಂಡಿಗಳು. ಅವುಗಳಿಗೆ ಮುಚ್ಚಳ ಹಾಕಿ ಒಳಗೆ ಒಂದು ಬಗೆಯ ಉಪ್ಪಿನ ಗಂಜಿ ತುಂಬಿದ್ದೇವೆ. ಆ ಗಂಜಿ ಗಟ್ಟಿಯಾದರೆ ತಂಪನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ಕರಗುತ್ತ ಕರಗುತ್ತ ಬಿಟ್ಟುಕೊಡುತ್ತದೆ. ಪ್ರತಿ ಮನೆಯ ಮಾಳಿಗೆಯ ಮೇಲೆ ಬಿಸಿಲಿನಿಂದಲೇ ಓಡುವ ಒಂದು ಯಂತ್ರವಿದೆ. ಬಿಸಿಲು ಹೆಚ್ಚಿದಷ್ಟೂ ಅದು ಹೆಚ್ಚು ತಣ್ಣೀರು ಮಾಡುತ್ತದೆ. ಆ ನೀರು ಗೋಡೆಯೊಳಗಿನ ಕೊಳವೆಗಳಲ್ಲಿ ಸುತ್ತಿ ಮನೆಯನ್ನು ತಂಪಾಗಿಡುತ್ತದೆ, ಮಿಕ್ಕದ್ದು ಬೀದಿಯ ಅಡಿಯ ದೊಡ್ಡ ಕೊಳವೆಯಲ್ಲಿ ಗಣಿಗೆ ಹೋಗಿ ಆ ಮನೆಯ ಲೆಕ್ಕಕ್ಕೆ ಸೇರುತ್ತದೆ. ಊರನ್ನೆಲ್ಲ ಸುತ್ತುವ ಆ ಕೊಳವೆಗೆ ನಾವು ಬಳೆ ಎನ್ನುತ್ತೇವೆ.

ಬೇಸಿಗೆಯಲ್ಲಿ ಐವತ್ತು ಡಿಗ್ರಿ ದಾಟುವ ಊರಿನಲ್ಲಿ ಬಳೆ ಎಂದರೆ ಜೀವ. ಮೊದಲು ಪ್ರತಿ ಮನೆ ತಾನು ಮಾಡಿದ ತಂಪಿನಲ್ಲಿ ಐದನೆಯ ಒಂದು ಪಾಲನ್ನು ಬಳೆಗೆ ಬಿಡಬೇಕಿತ್ತು. ಅದು ಸರ್ಕಾರಿ ದವಾಖಾನೆಗೆ, ಶಾಲೆಗಳಿಗೆ, ಯಂತ್ರ ಕೂರಿಸಲು ಮಾಳಿಗೆಯೇ ಇಲ್ಲದ ಗಣಿ ಕಾಲೊನಿಯ ತಗಡಿನ ಮನೆಗಳಿಗೆ ಹೋಗುತ್ತಿತ್ತು. ಐದನೆಯ ಪಾಲೇ ಏಕೆ, ಆರನೆಯದು ಏಕಲ್ಲ ಎಂದು ಪ್ರತಿ ಯುಗಾದಿಯ ಮರುದಿನ ವಾರ್ಡ್ ಸಭೆಯಲ್ಲಿ ಜಗಳ. ಯಾರು ಬೇಕಾದರೂ ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು, ಕೇಳುತ್ತಲೂ ಇದ್ದರು. ಕಾಲೊನಿಯ ಹೆಂಗಸರು ಗೌಡರ ಎದುರಿಗೇ ಕೈ ಎತ್ತಿ ಮತ ಹಾಕುತ್ತಿದ್ದರು. ಸಂಜೆಗೆ ಗಂಟಲು ಕಟ್ಟಿಕೊಂಡು ಮನೆಗೆ ಬರುತ್ತಿದ್ದೆವು. ಆ ಬೇಸರದ ಜಗಳವೇ ಊರನ್ನು ಹಿಡಿದು ನಿಲ್ಲಿಸಿತ್ತು ಎಂದು ಈಗ ನನಗೆ ಅನ್ನಿಸುತ್ತದೆ.

ನಾನು ಜಗದೇವಿ, ಬಳೆಯ ನಿಯಂತ್ರಣ ಕೋಣೆಯ ಎಂಜಿನಿಯರು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮೂವರೇ: ನಾನು, ಅಪ್ಪ, ನನ್ನ ಮಗಳು ರೇವತಿ. ರೇವತಿ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಅವ್ವ ಈರಮ್ಮ ಬಳೆ ಕಟ್ಟುವುದಕ್ಕೆ ಒಂದು ವರ್ಷ ಮೊದಲು ಬಿಸಿಲಿಗೆ ಸತ್ತಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಒರಗಿದಳು. ಅಪ್ಪ ಅಂದಿನಿಂದ ಒಲೆಯ ಮುಂದೆ ಯಾರನ್ನೂ ಹೆಚ್ಚು ಹೊತ್ತು ಕೂರಲು ಬಿಡುವವರಲ್ಲ.

ಅಪ್ಪ ಜಿಪುಣರಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು. ಅವರು ಕೊಡುಗೈಯ ಮನುಷ್ಯ. ಅವರಿಗೆ ಚುಚ್ಚುತ್ತಿದ್ದದ್ದು ಕೊಡುವುದಲ್ಲ, ಕೇಳದೆ ಕತ್ತರಿಸಿಕೊಳ್ಳುವುದು. ಕರ ತೆಗೆಸಿದ ವರ್ಷದ ಸಭೆಯಲ್ಲಿ ಅವರು ಎದ್ದು ನಿಂತರು.

"ಕಸಗೊಂಡಿದ್ದಕ್ಕ ದಾನ ಅನ್ನಂಗಿಲ್ರಿ. ಐದನೇ ಪಾಲು ಯಾಕ, ನಾ ಅರ್ಧ ಕೊಡ್ತೀನಿ. ಆದ್ರ ನನ್ನ ಕೈಲೆ ಕೊಡ್ತೀನಿ. ಯಾರಿಗಿ ಕೊಟ್ಟೆ ಅಂತ ನನಗ ಗೊತ್ತಿರಬೇಕು, ಯಾರು ಕೊಟ್ರು ಅಂತ ತಗೊಂಡವಗ ಗೊತ್ತಿರಬೇಕು. ಅದು ಮನುಷ್ಯಾರ ಸಂಬಂಧ. ಈ ಬಳಿಯೊಳಗ ಹೋಗಿದ್ದು ಎಲ್ಲಿಗಿ ಹೋಗ್ತದ, ಯಾರ್ ಕಂಡಾರ?"

ಅವರು ಮೂವತ್ತು ವರ್ಷ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಅರ್ಧ ಜನ ಅವರ ಮಾತು ಕೇಳಿ ಕೈ ಎತ್ತಿದರು, ಉಳಿದರ್ಧದಲ್ಲಿ ಮುಕ್ಕಾಲು ಜನ ಕರ ಹೋಗುತ್ತದಲ್ಲ ಎಂದು ಕೈ ಎತ್ತಿದರು. ನಾನು ಎತ್ತಲಿಲ್ಲ. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ, ಮೂರನೆಯ ದಿನ ಅಪ್ಪ ತಾವೇ ಪುಂಡಿಪಲ್ಯ ಮಾಡಿ ನನ್ನ ತಟ್ಟೆಗೆ ಬಡಿಸಿದರು. ಅಲ್ಲಿಗೆ ಮುಗಿಯಿತು.

ಹೊಸ ಪದ್ಧತಿ ಹೀಗಿತ್ತು. ಪ್ರತಿ ಮನೆಯ ಗೋಡೆಗೆ ಒಂದು ಕೊಡುಗೆ ಪೆಟ್ಟಿಗೆ. ಕೊಡುವ ಮನಸ್ಸಾದಾಗ ಅದರ ಗುಂಡಿ ಒತ್ತಿದರೆ, "ಯಾರ ಹೆಸರಿಗೆ?" ಎಂದು ಕೇಳುತ್ತದೆ. ಹೆಸರು ಹೇಳಿದರೆ ಸಾಕು, ಪೆಟ್ಟಿಗೆ ಆ ಹೆಸರಿನವರ ಮನೆಯನ್ನೋ ಮಠವನ್ನೋ ಹುಡುಕಿ ಬಳೆಯ ಕವಾಟವನ್ನು ಅತ್ತ ತೆರೆಯುತ್ತದೆ. ಕವಾಟಗಳು ಕೊಟ್ಟವರ ದನಿಗೆ ಮಾತ್ರ ಬಗ್ಗುತ್ತವೆ. ನಿಯಂತ್ರಣ ಕೋಣೆಯವರು ಕೈ ಹಾಕಬಾರದೆಂದು ಕೈಯಿಂದ ತಿರುಗಿಸುವ ಚಕ್ರಗಳನ್ನೆಲ್ಲ ಕಿತ್ತು ಹಾಕಿದರು. ಅಪ್ಪ ಇನ್ನೊಂದು ಕಲಮನ್ನೂ ಸೇರಿಸಿದರು. ಒಮ್ಮೆ ಕೊಟ್ಟದ್ದನ್ನು ಒಂದು ಹಗಲು ಒಂದು ರಾತ್ರಿ ಕಳೆಯುವವರೆಗೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕೊಟ್ಟು ಕಸಿಯುವುದು ನಮ್ಮ ಮಂದಿಯ ಪದ್ಧತಿಯಲ್ಲ ಎಂದರು. ಅದಕ್ಕಂತೂ ಎಲ್ಲರೂ ಕೈ ಎತ್ತಿದರು.

ಮೊದಲ ವರ್ಷ ನಾನು ಸೋತೆ ಎಂದೇ ಅಂದುಕೊಂಡೆ. ಜನ ಐದನೆಯ ಪಾಲಿಗಿಂತ ಹೆಚ್ಚು ಕೊಟ್ಟರು. ಮದುವೆಯಲ್ಲಿ ಉಡುಗೊರೆ ಕೊಟ್ಟು ಆಯೇರಿ ಮಾಡುವಂತೆ ತಂಪನ್ನೂ ಮದುಮಗಳ ಹೆಸರಿಗೆ ಕೊಡುವುದು ರೂಢಿಯಾಯಿತು. ಒಂದು ಮದುವೆ ಮನೆಯಲ್ಲಿ ಬೀಗರು ಮೇ ತಿಂಗಳಲ್ಲಿ ಶಾಲು ಹೊದ್ದು ಊಟಕ್ಕೆ ಕೂತರು. ಓಣಿ ಓಣಿಗೆ ತಂಪಿನ ಅರವಟಿಗೆಗಳು ಎದ್ದವು. ಮೊದಲು ನೀರು ಮಜ್ಜಿಗೆ ಕೊಡುತ್ತಿದ್ದಂತೆ ಈಗ ದಾರಿಹೋಕರು ಬಂದು ತಂಪಿನಲ್ಲಿ ಕೂತು ಹೋಗುವ ಹಾಲ್‌ಗಳು. ಅಪ್ಪ ಕಟ್ಟಿಸಿದ ಹಾಲ್ ಎಲ್ಲಕ್ಕಿಂತ ದೊಡ್ಡದು. ಬಾಗಿಲ ಮೇಲೆ ಹಾಲುಗಲ್ಲಿನಲ್ಲಿ ಅವ್ವನ ಹೆಸರು. ಬಂದವರಿಗೆ ತಾವೇ ಅಂಬಲಿ ಕೊಟ್ಟು ಅವಳ ವಿಚಾರ ಹೇಳುತ್ತಿದ್ದರು.

ಎರಡನೆಯ ವರ್ಷಕ್ಕೆ ನನ್ನ ಪರದೆಯ ಮೇಲೆ ಊರು ಬೇರೆಯಾಗಿ ಕಾಣತೊಡಗಿತು. ನಡು ಊರು ನೀಲಿ, ಅಂಚೆಲ್ಲ ಕೆಂಪು. ಬಳೆಯ ಕೊನೆಯಲ್ಲಿ, ಹಳೆಯ ಗಣಿಯ ದಂಡೆಗೆ ಸರ್ಕಾರಿ ದವಾಖಾನೆ ಇತ್ತು, ಅದರ ಹಿಂದೆ ಗಣಿ ಕಾಲೊನಿ. ದವಾಖಾನೆಯ ಹೆಸರೂ ಪೆಟ್ಟಿಗೆಗೆ ಗೊತ್ತಿತ್ತು. ಹೇಳುವವರೇ ಇರಲಿಲ್ಲ. ಸರ್ಕಾರಕ್ಕೆ ಯಾರಾದರೂ ಆಯೇರಿ ಮಾಡುತ್ತಾರೆಯೇ?

ಒಂದು ದಿನ ಊಟದ ಹೊತ್ತಿಗೆ ಅಪ್ಪನಿಗೆ ಹೇಳಿದೆ. "ದವಾಖಾನಿಗಿ ಯಾರೂ ಕೊಡವಲ್ರು ಅಪ್ಪಾ."

"ಕೊಡ್ತಾರ ತಗೋ. ನಮ್ಮ ಮಂದಿ ಒಳ್ಳೇವ್ರದಾರ."

"ಒಳ್ಳೇವ್ರಿಲ್ಲ ಅಂತ ನಾ ಎಲ್ಲಿ ಅಂದೆ?"

ರೇವತಿ ರೊಟ್ಟಿ ಮುರಿಯುತ್ತ ನಕ್ಕಳು. "ಮುತ್ಯಾ, ನಮ್ಮ ವಾರ್ಡಿಗಿ ಒಂದು ದೇವರ ಹೆಸರಿಟ್ಟುಬಿಡು. ಆಗ ನೋಡು, ತಂಪು ತಾನೇ ಓಡಿ ಬರ್ತದ."

ಅಪ್ಪನೂ ನಕ್ಕರು. ಮೊಮ್ಮಗಳು ಏನಂದರೂ ಅವರಿಗೆ ನಗು ಬರುತ್ತಿತ್ತು. ಮರುದಿನ ಅವರೊಬ್ಬರು ದವಾಖಾನೆಯ ಹೆಸರಿಗೆ ಒಂದಿಷ್ಟು ಕೊಟ್ಟರು. ಅದು ಆ ವಾರ್ಡಿನ ಒಂದು ಮೂಲೆಗೂ ಸಾಲಲಿಲ್ಲ.

ಆ ವರ್ಷ ಮೃಗಶಿರಾ ಮಳೆಯ ಕಾಲಕ್ಕೆ ಮೋಡ ಬಂದಾಗ ಊರೆಲ್ಲ ಸಂತೋಷಪಟ್ಟಿತು. ಮೋಡ ಮುಚ್ಚಿತು, ಮಳೆ ಬರಲಿಲ್ಲ, ಗಾಳಿ ನಿಂತಿತು. ನಮ್ಮದು ಒಣ ಬಿಸಿಲಿನ ಊರು; ಒಣ ಬಿಸಿಲಿಗೆ ಬೆವರು ಆರುತ್ತದೆ, ಮೈ ತಣಿಯುತ್ತದೆ. ಈಗ ಗಾಳಿಯಲ್ಲೆಲ್ಲ ನೀರು ತುಂಬಿ ಬೆವರು ಮೈಮೇಲೆಯೇ ನಿಂತಿತು. ಹಾಗೆ ನಿಂತರೆ ಮೈ ಒಳಗಿನಿಂದಲೇ ಕಾಯುತ್ತ ಹೋಗುತ್ತದೆ. ನೆರಳಲ್ಲಿ ಕೂತು, ನೀರು ಕುಡಿಯುತ್ತಲೇ ಗಟ್ಟಿ ಆಳುಗಳು ಸಾಯಬಲ್ಲರು. ಮಾಳಿಗೆಯ ಯಂತ್ರಗಳು ಬಿಸಿಲಿಲ್ಲದೆ ಅರೆಜೀವವಾದವು. ಗಣಿಯ ಗಂಜಿಯಲ್ಲಿ ಉಳಿದ ತಂಪು ಮಾತ್ರ ಗತಿ, ಅದಾದರೂ ಯಾವ ಮನೆ ತುಂಬಿತ್ತೋ ಆ ಮನೆಯ ಹೆಸರಿನಲ್ಲಿ ಬೀಗ ಬಿದ್ದಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ರೇವತಿಯ ಫೋನು ಬಂತು. ಅವಳು ಹಿಂದಿನ ದಿನದಿಂದ ಮನೆಗೆ ಬಂದಿರಲಿಲ್ಲ.

"ಅವ್ವಾ, ಕಾಲೊನಿ ಮಂದೆಲ್ಲ ಇಲ್ಲೇ ಬರಕತ್ತಾರ. ಮಂಚ ಮುಗದಾವ, ನೆಲದ ಮ್ಯಾಲ ಮಲಗಿಸಿವಿ. ನಮ್ಮ ಕೊಳವಿಯೊಳಗ ಬಿಸಿನೀರು ಬರಕತ್ತದ. ಏನರ ಮಾಡು."

"ನಿನ್ನ ಮೈ ಹ್ಯಾಂಗದ?"

"ನಂದೇನ್ ಕೇಳ್ತಿ? ಇಲ್ಲಿ ಕೂಸುಗಳು ಅಳೋದು ಬಿಟ್ಟಾವ."

ಅಳುವ ಕೂಸಿಗಿಂತ ಅಳುವುದು ಬಿಟ್ಟ ಕೂಸಿಗೆ ಎಷ್ಟು ಅಪಾಯವೆಂದು ನರ್ಸಿನ ತಾಯಿಗೆ ಯಾರೂ ಹೇಳಬೇಕಾಗಿಲ್ಲ. ಪಕ್ಕದಲ್ಲಿ ದಸ್ತಗೀರ ಕೂತಿದ್ದ. ಕವಾಟಗಳ ಮೇಸ್ತ್ರಿ, ನನ್ನ ಜೊತೆ ಹನ್ನೆರಡು ವರ್ಷದಿಂದ ಇದ್ದವ. ಅವನ ಅಣ್ಣನ ಮನೆಯೂ ಕಾಲೊನಿಯಲ್ಲೇ. ಇಬ್ಬರೂ ಪರದೆ ನೋಡಿದೆವು. ದವಾಖಾನೆಯ ಕವಾಟ ಮುಚ್ಚಿತ್ತು. ಬಳೆಯಲ್ಲಿ ತಣ್ಣೀರು ಹರಿಯುತ್ತಲೇ ಇತ್ತು, ಅರವಟಿಗೆಗಳ ಕಡೆಗೆ, ಮಠದ ಕಡೆಗೆ, ಯಾರದೋ ಬೀಗರ ಮನೆಯ ಕಡೆಗೆ.

"ನಿಮ್ಮ ಅಪ್ಪಾರಿಗಿ ಹೇಳ್ರಿ ಅಕ್ಕಾವ್ರ," ಎಂದ ದಸ್ತಗೀರ. "ಅವರ ಮಾತು ಮಂದಿ ಕೇಳ್ತದ."

ನಾನು ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಅಪ್ಪನ ಹಾಲ್‌ಗೆ ಓಡಿದೆ. ಬೀದಿಯಲ್ಲಿ ನಾಯಿಗಳು ಮೋರಿಯಲ್ಲಿ ಮಲಗಿದ್ದವು. ಹಾಲ್‌ನ ಬಾಗಿಲು ತೆರೆದರೆ ಮೈ ಜುಂ ಎಂದಿತು, ಅಷ್ಟು ತಂಪು. ಜನ ಒಬ್ಬರ ಮೇಲೊಬ್ಬರು ಕೂತಿದ್ದರು, ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಪಕ್ಕದ ಒಬ್ಬ ಮುದುಕಿ ಸೆರಗನ್ನು ಮೈತುಂಬ ಹೊದ್ದುಕೊಂಡಿದ್ದಳು. ಅಪ್ಪ ಅಂಬಲಿ ಹಂಚುತ್ತಿದ್ದರು.

ನಾನು ಹೇಳಿದ್ದನ್ನು ಕೇಳಿ ಅವರ ಮುಖ ಬಿಳಿಚಿತು. "ರೇವತಿ ಅಲ್ಲೇ ಅದಾಳಾ?"

"ಅಲ್ಲೇ ಅದಾಳ. ಬಿಟ್ಟು ಬರಂಗಿಲ್ಲ ಅಕಿ."

"ಈ ಹಾಲಿಂದು ಅತ್ತ ಕಳಿಸ್ಲಿ?"

ನಾನು ಸುತ್ತ ನೋಡಿದೆ. ಇಷ್ಟು ಜನರ ತಂಪನ್ನು ಕಿತ್ತು ಅಷ್ಟು ಜನರಿಗೆ ಕೊಡುವುದು ಯಾವ ಲೆಕ್ಕ? "ಇದೊಂದು ತಗದ್ರ ಸಾಲಂಗಿಲ್ಲಪ್ಪಾ. ಎಲ್ಲಾ ಮನೀಯವ್ರು ಸ್ವಲ್ಪ ಸ್ವಲ್ಪ ಕೊಟ್ರ ಯಾರಿಗೂ ಗೊತ್ತಾಗಂಗಿಲ್ಲ, ದವಾಖಾನಿ ತಣ್ಣಗಾಗ್ತದ. ಮೊದಲು ಹಂಗೇ ಇತ್ತು."

ಕೊನೆಯ ಮಾತನ್ನು ಆಡಬಾರದಿತ್ತು. ಅಪ್ಪ ತಲೆ ತಗ್ಗಿಸಿದರು. ಆಮೇಲೆ ಸೌಟನ್ನು ನನ್ನ ಕೈಗೆ ಕೊಟ್ಟು ನೇರವಾಗಿ ಹಾಲ್‌ನ ಮೈಕಿನ ಕಡೆ ಹೋದರು. ಆ ಮೈಕಿನ ಮಾತು ಊರಿನ ಎಲ್ಲ ಪೆಟ್ಟಿಗೆಗಳಲ್ಲೂ ಕೇಳುತ್ತದೆ.

"ನಾ ಸೂಗಪ್ಪ ಮಾಸ್ತರ ಮಾತಾಡಕತ್ತೀನಿ. ಸರ್ಕಾರಿ ದವಾಖಾನ್ಯಾಗ ಮಂದಿ ಸಾಯಕತ್ತಾರ. ಕೂಸುಗಳದಾವ, ಬಾಣಂತ್ಯಾರದಾರ. ನನ್ನ ಮೊಮ್ಮಗಳು ರೇವತಿ ಅಲ್ಲಿ ಒಬ್ಬಾಕೀನೇ ನಿಂತಾಳ. ನೀವು ಆಡಿಸಿದ ಹುಡುಗಿ ಅದು. ಅಕಿನ್ನ ನೆನಸಿ ಕೊಡ್ರಿ. ನಾ ಎಂದೂ ನಿಮ್ಮ ಮುಂದ ಕೈ ಚಾಚಿಲ್ಲ. ಇವತ್ತು ಚಾಚಕತ್ತೀನಿ."

ಸೆರಗು ಹೊದ್ದ ಮುದುಕಿ ಅಳತೊಡಗಿದಳು. ಊರಿಗೆ ಊರೇ ಕರಗಿತು ಎಂದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ನನ್ನ ಅಪ್ಪನ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ನಿಯಂತ್ರಣ ಕೋಣೆಗೆ ಬರುವಷ್ಟರಲ್ಲಿ ಬಳೆ ಗುಂಯ್‌ಗುಡುತ್ತಿತ್ತು. ಮನೆ ಮನೆಯಿಂದ ತಂಪು ಇಳಿಯುತ್ತಿತ್ತು. ಸದಾ ಜಿಪುಣತನ ಮಾಡುವ ಎಣ್ಣೆ ಮಿಲ್ಲಿನವರೂ ಕೊಟ್ಟಿದ್ದರು, ಕರ ತೆಗೆಯುವಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವರೂ ಕೊಟ್ಟಿದ್ದರು. ನಾನು ನಗುತ್ತ ದಸ್ತಗೀರನ ಕಡೆ ನೋಡಿದೆ. ಅವನು ನಗುತ್ತಿರಲಿಲ್ಲ.

"ಅಕ್ಕಾವ್ರ, ಇದು ದವಾಖಾನಿ ಕವಾಟ ಅಲ್ಲ."

"ಮತ್ಯಾವುದು?"

ಅವನು ಪರದೆಯ ಮೇಲೆ ಬೆರಳಿಟ್ಟ. "ಇದು ನಿಮ್ಮ ಮನೀದು."

ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಪೆಟ್ಟಿಗೆ ಎಲ್ಲರನ್ನೂ ಅದೇ ಪ್ರಶ್ನೆ ಕೇಳಿತ್ತು: ಯಾರ ಹೆಸರಿಗೆ? ಜನ ಕಣ್ಣೀರು ಒರೆಸಿಕೊಂಡು, ಮದುಮಗಳಿಗೆ ಕೊಡುವಂತೆ ಮನಸಾರೆ ಕೊಟ್ಟಿದ್ದರು. ರೇವತಿಗೆ ಎಂದಿದ್ದರು. ಪೆಟ್ಟಿಗೆ ಹುಡುಕಿತು, ರೇವತಿಯ ಮನೆ ಸಿಕ್ಕಿತು, ಕವಾಟ ತೆರೆಯಿತು. ಬೀಗ ಹಾಕಿದ ನಮ್ಮ ಮನೆಯ ಮೂರು ಕೋಣೆಗಳಿಗೆ ಊರಿನ ತಂಪೆಲ್ಲ ನುಗ್ಗುತ್ತಿತ್ತು. ಮನೆಯ ಸಣ್ಣ ಕೊಳವೆ ಹಿಡಿಸುವಷ್ಟು ಹಿಡಿದು, ಮಿಕ್ಕದ್ದು ಹೋಗಲು ಜಾಗವಿಲ್ಲದೆ ಬಳೆಯಲ್ಲೇ ಸುತ್ತುತ್ತಿತ್ತು.

ಅಪ್ಪ ಮತ್ತೆ ಮೈಕಿಗೆ ಹೋದರು. ದವಾಖಾನೆಯ ಹೆಸರು ಹೇಳಿರಿ, ರೇವತಿಯದು ಬೇಡ ಎಂದು ಬೇಡಿಕೊಂಡರು. ಜನ ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಕೊಟ್ಟದ್ದನ್ನು ನಾಳೆ ಇದೇ ಹೊತ್ತಿನವರೆಗೆ ತಿರುಗಿಸಲಾಗದು ಎಂದು ಪೆಟ್ಟಿಗೆ ಎಲ್ಲರಿಗೂ ವಿನಯದಿಂದ ಹೇಳಿತು. ಇನ್ನಷ್ಟು ಕೊಡೋಣವೆಂದರೆ ಯಾರ ಬಳಿಯೂ ಉಳಿದಿರಲಿಲ್ಲ. ಅಷ್ಟು ಧಾರಾಳವಾಗಿ ಕೊಟ್ಟಿದ್ದರು.

ನಾನು ರೇವತಿಗೆ ಫೋನು ಮಾಡಿ ಅರೆಬರೆ ಹೇಳಿದೆ.

"ಹಂಗಂದ್ರ ನಮ್ಮ ಮನಿ ಈಗ ಭಾಳ ತಣ್ಣಗದ?"

"ಭಾಳ ತಣ್ಣಗದ ನನ್ನವ್ವ. ನೀ ಬಂದುಬಿಡು. ಎಷ್ಟ್ ಮಂದಿ ಆಗ್ತದೋ ಅಷ್ಟ್ ಮಂದಿನ್ನ ಕರಕೊಂಡು ಬಾ."

"ಗಾಡಿ ಒಂದೇ ಅದ. ಕೂಸುಗಳಿಗಿ, ಬಾಣಂತ್ಯಾರಿಗಿ ಹತ್ತಿಸಿ ಕಳಿಸ್ತೀನಿ. ಮುತ್ಯಾಗ ಬೀಗ ತಗಿಲಿಕ್ಕ ಹೇಳು. ನನ್ನ ಕೌದಿ ಟ್ರಂಕಿನೊಳಗ ಅದಾವ, ಹೊಚ್ಚಲಿ. ಒಮ್ಮಿಗೇ ತಣ್ಣಗಾಗಬಾರದು ಅವು."

"ಮತ್ತ ನೀ?"

"ಸಲಾಯಿನ್ ಹಚ್ಚಿದವರನ್ನ ಎಲ್ಲಿ ಒಯ್ಯಲಿ ಅವ್ವಾ? ನೀ ನೀರು ಕಳಿಸು. ನೀ ಕಳಿಸ್ತಿ, ನನಗ ಗೊತ್ತದ."

ನಾನು ಫೋನು ಇಟ್ಟೆ. ದಸ್ತಗೀರ ಆಗಲೇ ಸುತ್ತಿಗೆ, ಉಳಿ, ಕೊಳವೆ ಕೊಯ್ಯುವ ಗರಗಸ ತೆಗೆದಿಟ್ಟಿದ್ದ. ಕೊಟ್ಟವರ ತಂಪನ್ನು ಬೇರೆಡೆ ತಿರುಗಿಸಿದರೆ ಜೈಲು ಎಂದು ಕಾನೂನಿತ್ತು. ನಾವಿಬ್ಬರೂ ಸಾಮಾನು ಹೊತ್ತುಕೊಂಡು ಹೊರಟೆವು.

ದವಾಖಾನೆಯ ಕೊಳವೆ ಬಳೆಯಿಂದ ಕವಲೊಡೆಯುವ ಗುಂಡಿ ಗಣಿ ರಸ್ತೆಯ ಪಕ್ಕಕ್ಕಿತ್ತು. ಕೆಳಗಿಳಿದರೆ ಉಸಿರು ಕಟ್ಟುವ ಬಿಸಿ. ಹಿಂದೆ ಇಲ್ಲೊಂದು ಕಬ್ಬಿಣದ ಚಕ್ರವಿತ್ತು, ಎರಡು ಸುತ್ತು ತಿರುಗಿಸಿದರೆ ಮುಗಿಯುತ್ತಿತ್ತು. ಈಗ ಅದಿದ್ದ ಜಾಗದಲ್ಲಿ ಉಕ್ಕಿನ ಮುಚ್ಚಳ ಬೆಸೆದಿದ್ದರು. ಒಬ್ಬರು ಒಂದಿಷ್ಟು ಹೊತ್ತು ಬಡಿಯುವುದು, ತಲೆ ತಿರುಗಿದಾಗ ಮೇಲೆ ಬರುವುದು, ಇನ್ನೊಬ್ಬರು ಇಳಿಯುವುದು. ಕೈಗೆ ಎಟುಕುವಷ್ಟು ದೂರದಲ್ಲಿ, ಒಂದು ತಗಡಿನ ಆಚೆ, ಊರೆಲ್ಲ ಪ್ರೀತಿಯಿಂದ ಕೊಟ್ಟ ತಣ್ಣೀರು ಹರಿಯುವ ಸದ್ದು ಕೇಳುತ್ತಿತ್ತು. ನನಗೆ ಊರಿನ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೆ ಬಂತು, ಆ ವಿನಯದ ಪೆಟ್ಟಿಗೆಯ ಮೇಲೆ ಬಂತು. ಸಿಟ್ಟಿನಿಂದಲೇ ಬಡಿದೆ.

ನಡುವೆ ದವಾಖಾನೆಯ ಗಾಡಿ ನಮ್ಮ ಪಕ್ಕದಲ್ಲೇ ಹಾದುಹೋಯಿತು. ಕಿಟಕಿಯಲ್ಲಿ ಒಬ್ಬ ಬಾಣಂತಿ ಕೂಸನ್ನು ಎದೆಗವಚಿ ಕೂತದ್ದು ಕಂಡಿತು. ಅದು ಒಂದೇ ಸಲ ಹೋಯಿತು. ತಿರುಗಿ ಬರುವಾಗ ಚಾಲಕ ಸ್ಟೇರಿಂಗ್ ಮೇಲೆಯೇ ಕುಸಿದನೆಂದು ಆಮೇಲೆ ತಿಳಿಯಿತು.

ಕೊಳವೆ ತೆರೆದುಕೊಂಡದ್ದು ಸಂಜೆಯ ಹೊತ್ತಿಗೆ. ನೀರು ನನ್ನ ಕೈಯನ್ನು ಕೊರೆಯಿತು, ಅಷ್ಟು ತಣ್ಣಗಿತ್ತು. ದಸ್ತಗೀರ ಕವಲಿಗೆ ಜೋಡಣೆ ಬಿಗಿದ. ನಾವಿಬ್ಬರೂ ದವಾಖಾನೆಯ ಕಡೆ ನಡೆದೆವು. ಓಡುವ ಶಕ್ತಿ ಇರಲಿಲ್ಲ.

ವಾರ್ಡಿನ ಗೋಡೆಗಳು ಆಗಲೇ ತಣಿಯತೊಡಗಿದ್ದವು. ನೆಲದ ಮೇಲೆ ಮಲಗಿದ್ದ ಒಬ್ಬ ಗಣಿ ಕೆಲಸದವ ಕಣ್ಣು ಬಿಟ್ಟು ಗೋಡೆಗೆ ಕೆನ್ನೆ ಒತ್ತಿಕೊಂಡಿದ್ದ. ಒಬ್ಬಳು ಆಯಾ ನನ್ನನ್ನು ನೋಡಿ ಎದ್ದು ನಿಂತು, ಮತ್ತೆ ಕೂತಳು. ರೇವತಿಯನ್ನು ಅವರು ಔಷಧದ ಕಪಾಟಿನ ಪಕ್ಕ ಮಲಗಿಸಿದ್ದರು. ತನಗೆಂದು ಇದ್ದ ಒದ್ದೆ ಬಟ್ಟೆಗಳನ್ನೆಲ್ಲ ಬೇರೆಯವರ ಮೇಲೆ ಹಾಕಿದ್ದಳಂತೆ. ಮಧ್ಯಾಹ್ನದ ಮೇಲೆ ಬೆವರು ನಿಂತಿತಂತೆ, ಆಮೇಲೆ ಮಾತು ತೊದಲಿತಂತೆ. ನಾನು ಅವಳ ಹಣೆ ಮುಟ್ಟಿದೆ. ಇನ್ನೂ ಬಿಸಿಯಾಗಿತ್ತು. ಆ ಬಿಸಿ ಜೀವದ್ದಲ್ಲ ಎಂದು ನನ್ನ ಕೈಗೆ ಗೊತ್ತಾಗಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬಂದಾಗ ನನ್ನ ಮನೆಯ ಗೋಡೆಗಳಿಂದ ನೀರು ಇಳಿಯುತ್ತಿತ್ತು. ಅಡುಗೆಮನೆಯ ಹಿತ್ತಾಳೆ ಕೊಡಗಳು ಬೆವತಿದ್ದವು. ನೆಲದ ತುಂಬ ಕೂಸುಗಳು, ಬಾಣಂತಿಯರು, ಎಲ್ಲರ ಮೇಲೂ ರೇವತಿಯ ಕೌದಿಗಳು. ಅಪ್ಪ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಳಿಗೆ ನಡುಗುತ್ತ ಕೂತಿದ್ದರು. ಅದು ಜೋರಾಗಿ ಅಳುತ್ತಿತ್ತು.

"ನೋಡು, ಅಳಕತ್ತದ," ಎಂದರು ಸಂತೋಷದಿಂದ. "ರೇವತಿಗಿ ಹೇಳು. ಅಳಕತ್ತದ ಅಂತ ಹೇಳು."

ನಾನು ಬಾಗಿಲಲ್ಲೇ ನಿಂತೆ. ಅವರು ನನ್ನ ಮುಖ ನೋಡಿದರು, ಅವರಿಗೆ ತಿಳಿಯಿತು. ಕೂಸನ್ನು ಕೆಳಗಿಡಲಿಲ್ಲ.

ನನ್ನ ಮೇಲೆ, ದಸ್ತಗೀರನ ಮೇಲೆ ಕೇಸು ಬಿತ್ತು. ಕೊಡುಗೆ ಕದ್ದ ಆರೋಪ. ನಾವು ಕದ್ದದ್ದು ನನ್ನ ಮಗಳ ಹೆಸರಿನ ಕೊಡುಗೆಯನ್ನೇ ಆದ್ದರಿಂದ ದೂರು ಕೊಡುವವರು ಯಾರು ಎಂದು ಕೋರ್ಟಿನಲ್ಲಿ ಗೊಂದಲವಾಗಿ ಅದು ಬಿದ್ದುಹೋಯಿತು. ದಸ್ತಗೀರನ ಅಣ್ಣ ಉಳಿದಿದ್ದ, ಅತ್ತಿಗೆ ಉಳಿದಿರಲಿಲ್ಲ.

ಯುಗಾದಿಯ ಮರುದಿನ ಸಭೆ ಸೇರಿತು. ಶಾಲೆಯ ಅಂಗಳ ಕಿಕ್ಕಿರಿದಿತ್ತು. ಊರವರು ಒಂದು ಠರಾವು ತಂದಿದ್ದರು. ದವಾಖಾನೆಗೆ ರೇವತಿಯ ಹೆಸರಿಡಬೇಕು, ಬಾಗಿಲಿಗೆ ಹಾಲುಗಲ್ಲು ಹಾಕಬೇಕು. ಆಗ ಆ ಹೆಸರಿಗೆ ಯಾರಾದರೂ ಕೊಡುತ್ತಲೇ ಇರುತ್ತಾರೆ, ತಂಪಿಗೆ ಎಂದೂ ಕೊರತೆಯಾಗುವುದಿಲ್ಲ. ಅವರ ಪ್ರೀತಿ ಸುಳ್ಳಾಗಿರಲಿಲ್ಲ. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು.

ಅಪ್ಪ ಎದ್ದು ನಿಂತರು. ಅಷ್ಟು ತಿಂಗಳಲ್ಲೇ ಅವರು ಬಹಳ ಮುದುಕರಾಗಿದ್ದರು. ಈ ಸಲ ಭಾಷಣ ಮಾಡಲಿಲ್ಲ.

"ಹೆಸರ ಬ್ಯಾಡ್ರಿ," ಎಂದರು. "ಹೆಸರಿಟ್ಟೇ ಅಕಿನ್ನ ಕಳಕೊಂಡೀವಿ. ನನ್ನ ಮೊಮ್ಮಗಳು ಅಂತ ನೀವೆಲ್ಲ ಕೊಟ್ರಿ. ಕಾಲೊನ್ಯಾಗ ಸತ್ತವರು ಯಾರ ಮೊಮ್ಮಕ್ಕಳು ಅಂತ ನನಗ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದವರಿಗಿ ಮುಟ್ಟಬೇಕಾದ್ರ ನಮ್ಮನ್ನ ಕೇಳಬಾರದು. ಕೇಳೂಕಿಂತ ಮೊದಲೇ ಐದನೇ ಪಾಲು ತಗೋಬೇಕು. ಎಷ್ಟು ತಗೋಬೇಕು ಅಂತ ವರ್ಷಾ ವರ್ಷಾ ಇಲ್ಲೇ ಕುಂತು ಜಗಳಾಡೋಣು. ಅದರ ಮ್ಯಾಲ ಅರವಟಿಗಿ ಇಡಾವ್ರು ಇಡ್ರಿ. ನಾನೂ ಇಡ್ತೀನಿ."

ಯಾರೋ ಹಿಂದಿನಿಂದ ಅವರದೇ ಹಳೆಯ ಮಾತನ್ನು ಎತ್ತಿದರು. "ಕಸಗೊಂಡಿದ್ದಕ್ಕ ದಾನ ಅನ್ನಂಗಿಲ್ಲ ಅಂದಿದ್ರಲ್ರಿ ಮಾಸ್ತರ?"

"ಅನ್ನಬ್ಯಾಡ್ರಿ. ದಾನ ಅನ್ನಬ್ಯಾಡ್ರಿ ಅದಕ್ಕ." ಇಷ್ಟು ಹೇಳಿ ಕೂತರು.

ಜಗಳ ಸಂಜೆಯವರೆಗೂ ನಡೆಯಿತು. ಕೈಗಳು ಎದ್ದವು, ಎರಡು ಸಲ ಎಣಿಸಬೇಕಾಯಿತು. ಸ್ವಲ್ಪದರಲ್ಲಿ ಗೆದ್ದೆವು. ಗೆದ್ದೆವು ಎನ್ನುವ ಮಾತು ಬಾಯಿಗೆ ಬರುವಾಗ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಕವಾಟದ ಚಕ್ರಗಳು ಮತ್ತೆ ಬಂದವು. ಮನೆಗಳ ಪೆಟ್ಟಿಗೆಗಳನ್ನು ಬದಲಾಯಿಸಿದರು. ನಮ್ಮ ಮನೆಯದನ್ನು ದಸ್ತಗೀರ ತಾನೇ ಬಂದು ಕೂರಿಸಿ ಹೋದ. ಆ ದಿನ ಇಳಿಹೊತ್ತಿಗೆ ಅಪ್ಪ ಅದರ ಮುಂದೆ ಹೋಗಿ, ಕೈ ಕಟ್ಟಿಕೊಂಡು ನಿಂತರು. ಅವರು ಆ ಪ್ರಶ್ನೆಗೆ ಕಾಯುತ್ತಿದ್ದಾರೆ ಎಂದು ನನಗೆ ತಿಳಿಯಿತು. ಪೆಟ್ಟಿಗೆ ಏನೂ ಕೇಳಲಿಲ್ಲ. ಗೋಡೆಯೊಳಗೆ ನೀರು ಹರಿಯುವ ಸದ್ದಾಯಿತು, ಐದನೆಯ ಪಾಲು ಬಳೆಗೆ ಇಳಿಯಿತು.

"ಯಾರಿಗಿ ಹೋಯ್ತು?" ಎಂದು ಕೇಳಿದರು.

"ಗೊತ್ತಿಲ್ಲಪ್ಪಾ."

ಅವರು ಗೋಡೆಗೆ ಕಿವಿ ಇಟ್ಟು, ಆ ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಅಡ್ಡಗೋಡೆಯ ಮೇಲಿದ್ದ ರೇವತಿಯ ತಟ್ಟೆಯನ್ನು ತೆಗೆದು, ತೊಳೆದು, ಮತ್ತೆ ಅಲ್ಲೇ ಇಟ್ಟು ಊಟಕ್ಕೆ ಕೂತರು.